ಮಿಶ್ರತಳಿ ಕರುಗಳ ಆರಂಭದ ಬೆಳವಣಿಗೆ: ಧಾರವಾಡ ಜಿಲ್ಲೆಯ ಹಳ್ಳಿಗಳನ್ನು ಕುರಿತು ಒಂದು ವಿವೇಚನೆ

ಹೈನುಗಾರಿಕೆಯ ಯೋಗ್ಯತೆಯನ್ನು ನಾವು ಸಾಮಾನ್ಯವಾಗಿ ಆಕಳು ಕೊಡುವ ಹಾಲಿನಿಂದ ಅಳೆಯುತ್ತೇವೆ. ಆ ಆಕಳು ಕರುವಾಗಿದ್ದಾಗ ಮೊದಲ ಮೂರು ತಿಂಗಳು ಅದಕ್ಕೆ ದೊರೆತದ್ದೇನು, ದೊರೆಯದೆ ಹೋದದ್ದೇನು ಎಂಬುದು ಈ ಅಳತೆಯಲ್ಲಿ ಬಾರದು. ಒಂದೇ ಹೋರಿಯ ವೀರ್ಯದಿಂದ ಒಂದೇ ಊರಿನ ಎರಡು ಮನೆಗಳಲ್ಲಿ ಹುಟ್ಟಿದ ಹೆಣ್ಣುಕರುಗಳಲ್ಲಿ ಒಂದು ೯೦ನೆಯ ದಿನಕ್ಕೆ ೬೫ ಕಿಲೋಗ್ರಾಂ, ಇನ್ನೊಂದು ೪೫ ಕಿಲೋಗ್ರಾಂ ತೂಗುವುದು ಅಪೂರ್ವವಾದ ಸಂಗತಿಯಲ್ಲ. ಈ ಅಂತರಕ್ಕೆ ಕಾರಣವೇನೆಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ವಿದೇಶೀ ರಕ್ತದ ಪ್ರಮಾಣ ಹೆಚ್ಚಾಯಿತೆಂಬುದು ಒಂದು. ನಮ್ಮ ಬಿಸಿಲು ಈ ತಳಿಗೆ ಒಗ್ಗದೆಂಬುದು ಇನ್ನೊಂದು. ಎರಡರಲ್ಲಿಯೂ ತಥ್ಯಾಂಶವುಂಟು. ಆದರೆ ಹೋರಿಯೂ ಒಂದೇ, ಬಿಸಿಲೂ ಒಂದೇ ಆಗಿರುವಲ್ಲಿ ಅಂತರವು ಕಂಡುಬಂದರೆ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕಾಗುವುದು. ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿ ಭಾಗದ ಹಳ್ಳಿಗಳನ್ನು ಮುಂದಿಟ್ಟುಕೊಂಡು ನಾವು ಇಲ್ಲಿ ಪ್ರತಿಪಾದಿಸುವುದಿಷ್ಟು: ಕರುವಿನ ಆರಂಭದ ಬೆಳವಣಿಗೆಯನ್ನು ಅದರ ರಕ್ತಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಮೊದಲ ದಿನದ ಗಿಣ್ಣದ ಹಾಲು, ಮತ್ತು ಅನಂತರದ ಮೂರು ತಿಂಗಳು ಕರುವಿಗೂ ಹಾಲಿನ ಕ್ಯಾನಿಗೂ ನಡುವೆ ಆಗುವ ಪಾಲು.

ಮಿಶ್ರತಳಿಯ ಕರು ನಮ್ಮ ನಾಡಿಗೆ ಹೊಸದೇನಲ್ಲ. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗವು ೧೯೩೯ರಲ್ಲಿ ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ ಡಾ. ಸಂಪತ್ ಕುಮಾರನ್ ಅವರಿಂದ ನಡೆಯಿತು. ಅಲ್ಲಿ ಹಳ್ಳಿಕಾರ ಆಕಳುಗಳಿಗೆ ಹೋಲ್‌ಸ್ಟೀನ್ ಫ್ರೀಜಿಯನ್ ಹೋರಿಯ ವೀರ್ಯವನ್ನು ಬಳಸಲಾಯಿತು. ಧಾರವಾಡ ಜಿಲ್ಲೆಯ ಸ್ಥಿತಿ ಸ್ವಲ್ಪ ಭಿನ್ನ. ಇಲ್ಲಿಯ ಎರೆಭೂಮಿಗೆ ಬೇಕಾದದ್ದು ಎತ್ತು. ಅದಕ್ಕಾಗಿ ಖಿಲಾರಿ ಮತ್ತು ಕೃಷ್ಣಾ ಕಣಿವೆಯ ದನಗಳನ್ನು ಸಾಕುತ್ತಿದ್ದರು. ಹಾಲಿಗೆ ಎಮ್ಮೆ ಇತ್ತು. ೨೦೨೧ರಲ್ಲಿ 'ಧಾರವಾಡಿ' ಎಂಬ ಹೆಸರಿನಿಂದ ರಾಷ್ಟ್ರೀಯ ಮಾನ್ಯತೆ ಪಡೆದ ತಳಿ ಅದೇ. ಆದುದರಿಂದ ಮಿಶ್ರತಳಿಯ ಆಕಳು ಇಲ್ಲಿಯ ಕೊಟ್ಟಿಗೆಗೆ ಎತ್ತು ಎಮ್ಮೆಗಳ ಬಳಿಕ ಮೂರನೆಯದಾಗಿ ಬಂದಿತು. ಅದರ ಹಾಲು ಮನೆಯಲ್ಲಿ ಮೊಸರು ಬೆಣ್ಣೆಯಾಗುವುದಕ್ಕಿಂತ ಹೆಚ್ಚಾಗಿ ಬೆಳಗು ಬೈಗು ಹಾಲು ಉತ್ಪಾದಕರ ಸಂಘಕ್ಕೆ ಹೋಗುವುದು. ಕರುವಿನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. (ಜರ್ಸಿಯ ರಕ್ತವಿರಲಿ, ಫ್ರೀಜಿಯನ್ ರಕ್ತವಿರಲಿ, ಊರಲ್ಲಿ ಎಲ್ಲವೂ 'ಜರ್ಸಿ ಆಕಳ'ವೇ. ಹಳ್ಳಿಗಳಲ್ಲಿ ಮಾಹಿತಿ ಸಂಗ್ರಹಿಸುವ ವಿದ್ಯಾರ್ಥಿಗಳು ಈ ಹೆಸರನ್ನು ನಂಬಿ ತಳಿಯನ್ನು ಬರೆದುಕೊಳ್ಳಬಾರದು.)

ಜನನಕ್ಕಿಂತ ಮುಂಚಿನ ಅವಸ್ಥೆಯಿಂದಲೇ ಈ ವಿಚಾರವನ್ನು ಆರಂಭಿಸುವುದು ಯುಕ್ತ. ಫ್ರೀಜಿಯನ್ ಮಿಶ್ರತಳಿಯ ಕರು ಹುಟ್ಟುವಾಗ ಸಾಮಾನ್ಯವಾಗಿ ೨೫ರಿಂದ ೩೦ ಕಿಲೋಗ್ರಾಂ ತೂಗುವುದು. ಜರ್ಸಿ ಮಿಶ್ರತಳಿಯದು ಅದಕ್ಕಿಂತ ಕೆಲವು ಕಿಲೋಗ್ರಾಂ ಕಡಿಮೆ. ಗಂಡುಕರು ಹೆಣ್ಣುಕರುವಿಗಿಂತ ಒಂದೆರಡು ಕಿಲೋಗ್ರಾಂ ಹೆಚ್ಚು. ಮೊದಲ ಸಲ ಈದ ಕಡಸಿನ ಕರು ಚಿಕ್ಕದು. ಮೂರನೆಯ ನಾಲ್ಕನೆಯ ಸೂಲಿನ ಕರು ದೊಡ್ಡದು. ಇಲ್ಲಿ ತಂದೆಯ ಪಾತ್ರ ಎಷ್ಟು, ತಾಯಿಯ ಪಾತ್ರ ಎಷ್ಟು ಎಂಬ ಪ್ರಶ್ನೆಗೆ ೧೯೩೮ರಲ್ಲಿ ಕೇಂಬ್ರಿಜಿನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೇ ಇಂದಿಗೂ ಉತ್ತಮ ಉತ್ತರವಾಗಿದೆ. ಭಾರಿ ಗಾತ್ರದ ಶೈರ್ ಕುದುರೆಯನ್ನೂ ಕುಳ್ಳಾದ ಶೆಟ್ಲೆಂಡ್ ಕುದುರೆಯನ್ನೂ ಅವರು ಕೃತಕ ಗರ್ಭಧಾರಣೆಯಿಂದ ಎರಡೂ ದಿಕ್ಕಿನಲ್ಲಿ ಸಂಕರಗೊಳಿಸಿದರು. ತಂದೆತಾಯಿಗಳ ತಳಿಗಳು ಅವೇ ಆಗಿದ್ದರೂ ಶೈರ್ ತಾಯಿಯ ಮರಿ ಹುಟ್ಟುವಾಗಲೇ ದೊಡ್ಡದಾಗಿತ್ತು; ಶೆಟ್ಲೆಂಡ್ ತಾಯಿಯ ಮರಿ ಚಿಕ್ಕದಾಗಿತ್ತು. ತಾಯಿಯ ದೇಹವು ಗರ್ಭದ ಬೆಳವಣಿಗೆಗೆ ಮಿತಿಯನ್ನು ಹಾಕುವುದೆಂಬುದು ಇದರಿಂದ ಸ್ಪಷ್ಟವಾಯಿತು. ಸಣ್ಣ ಮೈಕಟ್ಟಿನ ನಾಡ ಆಕಳಿಗೆ ದೊಡ್ಡ ಹೋರಿಯ ವೀರ್ಯವನ್ನು ಕೊಡಿಸಿದ ರೈತನು ಹೋರಿಯಷ್ಟು ದೊಡ್ಡ ಕರುವನ್ನು ನಿರೀಕ್ಷಿಸುವುದು ಈ ಕಾರಣದಿಂದ ಸಾಧುವಲ್ಲ.

ಗರ್ಭಸ್ಥ ಕರುವಿನ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಕೊನೆಯ ಮೂರು ತಿಂಗಳುಗಳಲ್ಲಿ ಕೂಡಿಕೊಳ್ಳುವುದು. ಆ ಕಾಲದಲ್ಲಿ ತಾಯಿಗೆ ದೊರೆಯುವ ಮೇವು ತಾಲೂಕಿನಿಂದ ತಾಲೂಕಿಗೆ ಬೇರೆಯಾಗುತ್ತದೆ. ನವಲಗುಂದದಲ್ಲಿಯೂ, ಹಿಂದೆ ಅದರ ಭಾಗವಾಗಿದ್ದು ಈಗ ಸ್ವತಂತ್ರ ತಾಲೂಕಾಗಿರುವ ಅಣ್ಣಿಗೇರಿಯಲ್ಲಿಯೂ ಹಿಂಗಾರಿ ಜೋಳದ ಕಣಿಕೆಯೇ ಮೇವಿನ ಬೆನ್ನೆಲುಬು. ಮಲಪ್ರಭಾ ಕಾಲುವೆಯ ನೀರು ತಲುಪುವ ಹೊಲಗಳನ್ನು ಬಿಟ್ಟರೆ ಮಾರ್ಚಿನಿಂದ ಜೂನಿನವರೆಗೆ ಹಸಿರು ಕಾಣುವುದು ಕಷ್ಟ. ಕಣಿಕೆಯಲ್ಲಿ ಸಸಾರಜನಕವು ಶೇಕಡಾ ಮೂರು ನಾಲ್ಕರಷ್ಟು ಮಾತ್ರ. ಎ ಜೀವಸತ್ತ್ವದ ಮೂಲದ್ರವ್ಯವಾದ ಕ್ಯಾರೊಟೀನ್ ಇಲ್ಲವೆಂದೇ ಹೇಳಬೇಕು. ತಿಂಗಳುಗಟ್ಟಲೆ ಒಣಮೇವನ್ನೇ ತಿಂದ ಆಕಳು ಜೂನಿನಲ್ಲಿ ಈದರೆ ಕರು ಹಗುರವಾಗುವುದಲ್ಲದೆ ಎ ಜೀವಸತ್ತ್ವದ ಕೊರತೆಯಿಂದ ನಿಶ್ಶಕ್ತವಾಗಿಯೂ, ಒಮ್ಮೊಮ್ಮೆ ಕುರುಡಾಗಿಯೂ ಹುಟ್ಟಬಹುದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಮಳೆ ಹೆಚ್ಚು, ಹಸಿರು ಹೆಚ್ಚು ಕಾಲ ನಿಲ್ಲುವುದು. ಆದರೆ ಅಲ್ಲಿಯ ಭತ್ತದ ಹುಲ್ಲು ಪೋಷಣೆಯಲ್ಲಿ ಜೋಳದ ಕಣಿಕೆಗಿಂತ ಮೇಲಾದುದಲ್ಲ.

ಇನ್ನು ಮೊದಲ ದಿನ. ಮನುಷ್ಯರಲ್ಲಿ ರೋಗನಿರೋಧಕ ಪ್ರತಿಕಾಯಗಳು ತಾಯಿಯ ರಕ್ತದಿಂದ ಗರ್ಭಕ್ಕೆ ಹರಿದು ಬರುತ್ತವೆ. ಆಕಳಿನಲ್ಲಿ ಮಾಸಿನ ರಚನೆಯು ಬೇರೆ ವಿಧದ್ದಾದುದರಿಂದ ಅವು ದಾಟಿ ಬರಲಾರವು. ಕರುವು ರೋಗಗಳ ಎದುರು ಬರಿಗೈಯಲ್ಲಿ ಹುಟ್ಟುವುದು. ತಾಯಿಯು ಅದಕ್ಕೆ ಕೊಡುವ ರಕ್ಷಣೆಯೆಲ್ಲ ಗಿಣ್ಣದ ಹಾಲಿನಲ್ಲಿದೆ. ಆದರೆ ಈ ಪ್ರತಿಕಾಯಗಳು ದೊಡ್ಡ ಅಣುಗಳು. ಅವು ಜೀರ್ಣವಾಗದೆ ಇಡಿಯಾಗಿ ರಕ್ತವನ್ನು ಸೇರಬೇಕು. ನವಜಾತ ಕರುವಿನ ಸಣ್ಣ ಕರುಳು ಅದಕ್ಕೆ ಅವಕಾಶ ಕೊಡುವುದು ಕೆಲವೇ ಗಂಟೆ. ಮೊದಲ ನಾಲ್ಕಾರು ಗಂಟೆಗಳಲ್ಲಿ ಈ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಅನಂತರ ಮುಚ್ಚುತ್ತ ಹೋಗಿ ಸುಮಾರು ೨೪ ಗಂಟೆಗಳಿಗೆ ಪೂರ್ತಿ ಮುಚ್ಚುವುದು. ಇತ್ತ ಕೆಚ್ಚಲಿನಲ್ಲಿಯೂ ಮೊದಲ ಹಿಂಡಿಗೆಯ ಗಿಣ್ಣದಲ್ಲಿರುವಷ್ಟು ಪ್ರತಿಕಾಯಗಳು ಎರಡನೆಯದರಲ್ಲಿ ಇರುವುದಿಲ್ಲ. ಕರುವಿನ ತೂಕದ ಹತ್ತನೆಯ ಒಂದು ಪಾಲು, ಎಂದರೆ ೩೦ ಕಿಲೋಗ್ರಾಮಿನ ಕರುವಿಗೆ ಮೂರು ಕಿಲೋಗ್ರಾಂ ಗಿಣ್ಣ ಮೊದಲ ದಿನವೇ ಹೋಗಬೇಕು, ಅದರಲ್ಲಿ ಅರ್ಧದಷ್ಟು ಮೊದಲ ಎರಡು ಗಂಟೆಗಳೊಳಗೆ ಹೋಗಬೇಕು ಎಂಬ ನಿಯಮಕ್ಕೆ ಆಧಾರವಿದು.

ಹಳ್ಳಿಯ ರೂಢಿ ಈ ನಿಯಮಕ್ಕೆ ಎರಡು ಕಡೆಗಳಲ್ಲಿ ಅಡ್ಡ ಬರುವುದು. ಮಾಸು ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದೆಂಬ ನಂಬಿಕೆ ಭಾರತದ ಅನೇಕ ಪ್ರಾಂತಗಳಂತೆ ನಮ್ಮಲ್ಲಿಯೂ ಉಂಟು. ಮಾಸು ಬೀಳುವುದಕ್ಕೆ ಎಂಟು ಗಂಟೆಗಳಾದರೂ ಆಗಬಹುದು, ಹನ್ನೆರಡಾದರೂ ಆಗಬಹುದು. ಅಷ್ಟರಲ್ಲಿ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಕರು ಮೊಲೆಯುಣ್ಣುವಾಗ ತಾಯಿಯ ರಕ್ತದಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ರಸವು ಗರ್ಭಕೋಶವನ್ನು ಸಂಕುಚಿತಗೊಳಿಸುವುದರಿಂದ ಮಾಸು ಬೀಳಲು ಸಹಾಯವೇ ಆಗುವುದು. ಎರಡನೆಯ ರೂಢಿ ಗಿಣ್ಣವನ್ನು ಕಾಸಿ ಬೆಲ್ಲ ಯಾಲಕ್ಕಿ ಕೂಡಿಸಿ ನೆರೆಹೊರೆಗೆ ಹಂಚುವುದು. ಇದು ಸುಂದರವಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ; ಇದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಮಿಶ್ರತಳಿಯ ಆಕಳು ತನ್ನ ಕರು ಕುಡಿಯಬಲ್ಲುದಕ್ಕಿಂತ ಹೆಚ್ಚು ಗಿಣ್ಣವನ್ನು ಕೊಡುವುದು. ಮೊದಲ ಹಿಂಡಿಗೆ ಕರುವಿಗೆ, ಆಮೇಲಿನದು ಪಾತ್ರೆಗೆ ಎಂದಾದರೆ ಇಬ್ಬರಿಗೂ ಸಾಕು. ಇಷ್ಟರ ಮೇಲೂ ಕೆಲವು ಕರುಗಳು, ಅದರಲ್ಲಿಯೂ ಕಷ್ಟದ ಹೆರಿಗೆಯಲ್ಲಿ ಹುಟ್ಟಿದವು, ತಾವಾಗಿ ಎದ್ದು ಮೊಲೆ ಹುಡುಕಲಾರವು. ಅವಕ್ಕೆ ಹಿಂಡಿ ಬಾಟಲಿಯಿಂದ ಕುಡಿಸಬೇಕು. ಹೊಕ್ಕುಳುಬಳ್ಳಿಗೆ ಅಯೋಡಿನ್ ಹಚ್ಚುವುದೂ ಆಗಲೇ ಆಗಬೇಕಾದ ಕೆಲಸ.

ಗಿಣ್ಣ ತಪ್ಪಿದ ಕರು ಸಾಯದೆ ಉಳಿದರೂ ಭೇದಿ, ನೆಗಡಿ, ಕೀಲುಬಾವುಗಳಲ್ಲಿ ವಾರಗಳನ್ನು ಕಳೆಯುವುದು. ತೂಕದ ಪಟ್ಟಿಯಲ್ಲಿ ಇದು 'ನಿಧಾನ ಬೆಳವಣಿಗೆ' ಎಂದು ಮಾತ್ರ ದಾಖಲಾಗುವುದು. ಕಾರಣವು ಮೊದಲ ಆರು ಗಂಟೆಗಳಲ್ಲಿ ಇತ್ತೆಂಬುದು ಪಟ್ಟಿಯಲ್ಲಿ ಕಾಣದು.

ಎರಡನೆಯ ವಿಷಯ ಹಾಲಿನ ಪಾಲು. ನಾಡ ಆಕಳು ಕರುವನ್ನು ಬಿಡದೆ ಸೊರೆ ಬಿಡದು. ಆದುದರಿಂದ ನಾಡ ಕರುವಿಗೆ ದಿನಕ್ಕೆರಡು ಬಾರಿಯಾದರೂ ಮೊಲೆ ದೊರೆಯುವುದು ಖಂಡಿತ. ಮಿಶ್ರತಳಿಯ ಆಕಳು ಅನೇಕ ವೇಳೆ ಕರುವಿಲ್ಲದೆಯೂ ಹಾಲು ಕೊಡುವುದು. ಈ ಗುಣವನ್ನು ನಾವು ಹೊಗಳುತ್ತೇವೆ, ಆದರೆ ಕರುವಿನ ಕಡೆಯಿಂದ ನೋಡಿದರೆ ಅದರ ಏಕೈಕ ಹಕ್ಕುಪತ್ರವೇ ಇಲ್ಲಿ ಕಳೆದುಹೋಯಿತು. ಸಂಘದ ಗಂಟೆ ಬಾರಿಸುವ ಹೊತ್ತಿಗೆ ಕ್ಯಾನು ತುಂಬಿರಬೇಕು. ಕರುವಿಗೆ ಉಳಿದದ್ದೆಷ್ಟೋ ಅಷ್ಟು.

ಈ ಪಾಲನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ಮೊದಲ ತಿಂಗಳು ದಿನಕ್ಕೆ ಮೂರು ಲೀಟರು, ಎರಡನೆಯ ತಿಂಗಳು ಎರಡೂವರೆ, ಮೂರನೆಯ ತಿಂಗಳು ಒಂದೂವರೆ ಎಂದು ಹಿಡಿದರೆ ಕರುವಿಗೆ ಒಟ್ಟು ೨೧೦ ಲೀಟರು ಹಾಲು ಬೇಕು. ಲೀಟರಿಗೆ ೩೫ ರೂಪಾಯಿಯೆಂದು ಎಣಿಸಿದರೆ ೭,೩೫೦ ರೂಪಾಯಿಗಳಾದುವು. ಮೂರು ತಿಂಗಳಲ್ಲಿ ಇಷ್ಟು ಹಣವನ್ನು ಬಿಡುವುದು ಎರಡು ಆಕಳುಗಳ ರೈತನಿಗೆ ಸುಲಭವಲ್ಲ; ಅವನನ್ನು ಅಜ್ಞಾನಿಯೆನ್ನುವುದು ಅನ್ಯಾಯ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಫ್ರೀಜಿಯನ್ ಮಿಶ್ರತಳಿಯ ಕಡಸಿಗೆ ಗರ್ಭಧಾರಣೆ ಮಾಡಿಸಬೇಕಾದರೆ ಅದು ಸುಮಾರು ೨೫೦ ಕಿಲೋಗ್ರಾಂ ತೂಗಬೇಕು. ಹುಟ್ಟಿದಾಗಿನ ೩೦ ಕಿಲೋಗ್ರಾಮನ್ನು ಕಳೆದರೆ ೨೨೦ ಕಿಲೋಗ್ರಾಂ ಬೆಳೆಯಬೇಕು. ದಿನಕ್ಕೆ ೪೦೦ ಗ್ರಾಮಿನಂತೆ ಬೆಳೆದರೆ ೫೫೦ ದಿನಗಳು, ಎಂದರೆ ಹದಿನೆಂಟು ತಿಂಗಳು. ದಿನಕ್ಕೆ ೨೫೦ ಗ್ರಾಮಿನಂತೆ ಬೆಳೆದರೆ ೮೮೦ ದಿನಗಳು, ಎಂದರೆ ಇಪ್ಪತ್ತೊಂಬತ್ತು ತಿಂಗಳು. ನಡುವಣ ಹನ್ನೊಂದು ತಿಂಗಳು ರೈತನು ಆ ಕಡಸಿಗೆ ಮೇವು ಹಾಕಬೇಕು, ಹಾಲು ಮಾತ್ರ ಬಾರದು. ಒಂದು ಸೂಲಿನ ಹಾಲಿಗೆ ಸಮೀಪವಾದ ನಷ್ಟವಿದು. ಎಳೆತನದಲ್ಲಿ ಹಿಂದೆ ಬಿದ್ದ ಕರು ಮುಂದೆ ಒಳ್ಳೆಯ ಮೇವು ಸಿಕ್ಕರೆ ಸ್ವಲ್ಪಮಟ್ಟಿಗೆ ಸರಿಗಟ್ಟಿಕೊಳ್ಳುವುದು ನಿಜ. ಆದರೆ ಮೂರು ತಿಂಗಳ ಕರುವಿಗೆ ಹಾಲು ಸಿಕ್ಕದ ಮನೆಯಲ್ಲಿ ಹತ್ತು ತಿಂಗಳ ಕರುವಿಗೆ ಹಿಂಡಿ ಸಿಕ್ಕುವ ಸಂಭವ ಕಡಿಮೆ.

ಹಾಲು ಕಡಿಮೆಯಾದಾಗ ಅದರ ಸ್ಥಾನದಲ್ಲಿ ಏನನ್ನು ಇಡುತ್ತೇವೆಂಬುದು ಮುಖ್ಯ. ಎಳೆಗರುವಿನ ನಾಲ್ಕು ಹೊಟ್ಟೆಗಳಲ್ಲಿ ಆಗ ಕೆಲಸ ಮಾಡುವುದು ನಾಲ್ಕನೆಯದೊಂದೇ. ನಾರನ್ನು ಕೊಳೆಸಿ ಜೀರ್ಣಿಸುವ ಮೊದಲ ಹೊಟ್ಟೆ, ರೂಮೆನ್, ಇನ್ನೂ ಸಣ್ಣ ಚೀಲ. ಅದರ ಒಳಗೋಡೆಯ ಮೇಲಿನ ಸಣ್ಣ ಎಸಳುಗಳನ್ನು ಬೆಳೆಸುವುದು ಒಣಹುಲ್ಲಲ್ಲ. ಧಾನ್ಯವು ಹುದುಗಿದಾಗ ಹುಟ್ಟುವ ಬ್ಯುಟಿರಿಕ್ ಆಮ್ಲವೇ ಮೊದಲಾದವು. ಆದುದರಿಂದ ಎರಡನೆಯ ವಾರದಿಂದಲೇ ಒಡೆದ ಜೋಳ ಅಥವಾ ಗೋವಿನಜೋಳ, ಶೇಂಗಾ ಹಿಂಡಿ, ಗೋದಿಯ ಬೂಸಾ, ಲವಣಮಿಶ್ರಣ ಕೂಡಿದ ಕೈತಿಂಡಿಯನ್ನು ಹಿಡಿ ಹಿಡಿಯಾಗಿ ರೂಢಿಸಬೇಕು. ಜೊತೆಗೆ ಎಳೆಯ ಹಸಿಹುಲ್ಲು. ಕಣಿಕೆಯನ್ನು ಮಾತ್ರ ಮುಂದೆ ಹಾಕಿದರೆ ಹೊಟ್ಟೆ ಡೊಳ್ಳಾಗುವುದು, ಬೆನ್ನು ಒಣಗುವುದು.

ಹತ್ತಿಯ ಸೀಮೆಯಾದ ಕುಂದಗೋಳ ನವಲಗುಂದಗಳಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಹತ್ತಿಕಾಳು, ಹತ್ತಿಕಾಳಿನ ಹಿಂಡಿ ಹಿಂಡುವ ಆಕಳಿಗೆ ಒಳ್ಳೆಯ ಆಹಾರ. ಬೆಣ್ಣೆಯಂಶವೂ ಏರುವುದೆಂದು ರೈತರು ಅದನ್ನು ಮೆಚ್ಚುತ್ತಾರೆ. ಆದರೆ ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತು ವಿಷಕಾರಿ. ದೊಡ್ಡ ದನದ ರೂಮೆನ್ ಅದನ್ನು ನಿರ್ವಿಷಗೊಳಿಸಬಲ್ಲುದು, ಕರುವಿನ ರೂಮೆನ್ ಆ ಕೆಲಸಕ್ಕೆ ಇನ್ನೂ ಸಿದ್ಧವಾಗಿರುವುದಿಲ್ಲ. ತಾಯಿಯ ಗೋದಲಿಯಿಂದ ಕರುವಿಗೆ ಒಂದು ಬೊಗಸೆ ಎಂಬ ಔದಾರ್ಯ ಈ ಒಂದು ವಿಷಯದಲ್ಲಿ ಸಲ್ಲದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯೂ ಅಷ್ಟೇ ಅಪಾಯದ್ದು.

ನೀರು. ಹಾಲು ಕುಡಿಯುವ ಕರುವಿಗೆ ನೀರೇಕೆ ಎಂಬುದು ಸಾಮಾನ್ಯ ಭಾವನೆ. ಕುಡಿದ ಹಾಲು ನೇರವಾಗಿ ನಾಲ್ಕನೆಯ ಹೊಟ್ಟೆಗೆ ಹೋಗುವುದೇ ಹೊರತು ರೂಮೆನ್ನಿಗೆ ಇಳಿಯುವುದಿಲ್ಲ. ರೂಮೆನ್ನಿನಲ್ಲಿ ಧಾನ್ಯ ಹುದುಗಬೇಕಾದರೆ ನೀರನ್ನು ಬೇರೆಯಾಗಿಯೇ ಕುಡಿಯಬೇಕು. ಕೆರೆಯ ನೀರನ್ನು ಮನೆಯ ಹೆಣ್ಣುಮಕ್ಕಳು ಹೊತ್ತು ತರುತ್ತಿದ್ದ, ಬಾವಿಯ ನೀರು ಸವಳಾದ ನವಲಗುಂದದ ಸೀಮೆಯಲ್ಲಿ ಕರುವಿನ ಸರದಿ ಕೊನೆಗೆ ಬಂದದ್ದು ಆಶ್ಚರ್ಯವಲ್ಲ.

ರೋಗಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ದುಂಡುಹುಳುಗಳು ತಾಯಿಯ ಹಾಲಿನ ಮೂಲಕವೇ ಕರುವನ್ನು ಸೇರಬಲ್ಲವು. ಎಮ್ಮೆಯ ಕರುಗಳಲ್ಲಿ ಈ ಬಾಧೆ ವಿಶೇಷ, ಆಕಳ ಕರುಗಳಲ್ಲಿಯೂ ಉಂಟು. ಹತ್ತು ಹದಿನೈದು ದಿನಗಳ ವಯಸ್ಸಿಗೇ ಜಂತುನಾಶಕ ಕೊಡುವುದು ಇದಕ್ಕಾಗಿ. ಕಲಘಟಗಿಯ ಅಡವಿಯಂಚಿನ ಮೇವುಗಾಡುಗಳಲ್ಲಿ ಉಣ್ಣೆಯ ಕಾಟ ಹೆಚ್ಚು. ಉಣ್ಣೆಯಿಂದ ಹರಡುವ ಥೈಲೇರಿಯಾ ಜ್ವರವನ್ನು ನಾಡ ದನಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಮಿಶ್ರತಳಿಯವು ತಾಳಲಾರವು. ರಕ್ತದ ಪ್ರಮಾಣ ನಿಜವಾಗಿ ಲೆಕ್ಕಕ್ಕೆ ಬರುವ ಸ್ಥಳ ಇದೊಂದು. ೨೦೨೨ರಲ್ಲಿ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಲ್ಲಿ ಹಬ್ಬಿದ ಚರ್ಮಗಂಟು ರೋಗವೂ ಎಳೆಗರುಗಳಿಗೆ ವಿಶೇಷ ಮಾರಕವಾಗಿತ್ತು.

ಬಿಸಿಲಿನ ಮಾತು. ಎಳೆಗರುವಿಗೆ ಹಿತವಾದ ಉಷ್ಣಮಾನ ಸುಮಾರು ೧೫ರಿಂದ ೨೫ ಸೆಂಟಿಗ್ರೇಡ್. ಏಪ್ರಿಲ್ ಮೇ ತಿಂಗಳ ಹಗಲು ಈ ಮಿತಿಯನ್ನು ಮೀರುವುದು ಸರಿ. ಡಿಸೆಂಬರ್ ಜನವರಿಯ ಬೆಳಗಿನ ಜಾವ ಅದರ ಕೆಳಗಿಳಿಯುವುದನ್ನು ಮಾತ್ರ 'ಉಷ್ಣವಲಯ' ಎಂಬ ಶಬ್ದವು ನಮಗೆ ಮರೆಯಿಸುತ್ತದೆ. ಅರೆಹೊಟ್ಟೆಯ ಕರುವಿಗೆ ಬಿಸಿಲಿಗಿಂತ ಈ ಚಳಿಯೇ ಹೆಚ್ಚು ಕಷ್ಟ. ಕುಡಿದ ಸ್ವಲ್ಪ ಹಾಲೂ ಮೈ ಕಾಯಿಸುವುದರಲ್ಲಿ ಮುಗಿಯುವುದು. ಎಲ್ಲಕ್ಕಿಂತ ಕೆಟ್ಟದ್ದು ಮಳೆಗಾಲದ ಹಸಿ ನೆಲ. ಎರೆಭೂಮಿಯ ಮಾಳಿಗೆ ಮನೆಗಳಲ್ಲಿ ಜನರೂ ದನಗಳೂ ಒಂದೇ ಸೂರಿನಡಿ ಇರುವುದುಂಟು. ಕಿಟಕಿಯಿಲ್ಲದ ಆ ಅಂಕಣದಲ್ಲಿ ಗಂಜಲದ ಅಮೋನಿಯಾ ನೆಲಮಟ್ಟದಲ್ಲಿಯೇ ನಿಲ್ಲುವುದು. ಕರುವಿನ ಮೂಗು ಇರುವುದೂ ಅದೇ ಮಟ್ಟದಲ್ಲಿ. ಬೆಣ್ಣೆಹಳ್ಳ ಉಕ್ಕುವ ದಿನಗಳಲ್ಲಿ ಒಣ ಹಾಸಿಗೆಗೆ ಕಡಲೆ ಹೊಟ್ಟೂ ಸಿಗದು. ನ್ಯುಮೋನಿಯಾ, ರಕ್ತಭೇದಿಗಳ ಕಾಲವಿದು.

ರಕ್ತದ ಪ್ರಮಾಣವನ್ನು ನಾವು ಅಲ್ಲಗಳೆದಿಲ್ಲ. ಮೊದಲ ಪೀಳಿಗೆಯ ಸಂಕರದಲ್ಲಿ ಎರಡು ತಳಿಗಳ ಭೇದದಿಂದ ಹುಟ್ಟುವ ಸಂಕರಶಕ್ತಿ ಪೂರ್ಣವಾಗಿರುವುದು. ಆ ಪೀಳಿಗೆಯವನ್ನೇ ತಮ್ಮತಮ್ಮೊಳಗೆ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಅದು ಅರ್ಧಕ್ಕಿಳಿಯುವುದು. ವಿದೇಶೀ ಅಂಶ ಮುಕ್ಕಾಲನ್ನು ಮೀರಿದರೆ ಜನನತೂಕ ಹೆಚ್ಚಾದರೂ ಉಣ್ಣೆ, ಬಿಸಿಲು, ಒರಟು ಮೇವುಗಳನ್ನು ತಾಳುವ ಗುಣ ಕುಗ್ಗುವುದು. ಆದರೆ ಈ ಭೇದಗಳು ಶುದ್ಧವಾಗಿ ತೋರುವುದು ಎಲ್ಲ ಕರುಗಳಿಗೂ ಸಮನಾಗಿ ಹಾಲು ದೊರೆಯುವ ಸಂಶೋಧನಾ ಕ್ಷೇತ್ರಗಳಲ್ಲಿ. ಹಳ್ಳಿಯಲ್ಲಿ ಅವನ್ನು ಮನೆಮನೆಯ ಪೋಷಣೆಯ ಅಂತರವು ನುಂಗಿಬಿಡುವುದು.

ಹಳ್ಳಿಯ ಅಂಕಿಗಳನ್ನು ಓದುವಾಗ ಇದರಿಂದಾಗುವ ಭ್ರಮೆಗಳಲ್ಲಿ ಎರಡನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಂಡುಕರು ಹುಟ್ಟುವಾಗ ಭಾರವಾಗಿದ್ದು ಮೂರನೆಯ ತಿಂಗಳಿಗೆ ಹೆಣ್ಣುಕರುವಿಗಿಂತ ಹಗುರವಾಗಿರುವುದನ್ನು ಪಟ್ಟಿಗಳು ತೋರಿಸಿದರೆ ಅದನ್ನು 'ಲಿಂಗದ ಪ್ರಭಾವ'ವೆಂದು ಬರೆದುಬಿಡುವುದು ಸುಲಭ. ಜೀವಶಾಸ್ತ್ರದ ದೃಷ್ಟಿಯಿಂದ ಹೀಗಾಗಲು ಕಾರಣವಿಲ್ಲ. ಮಿಶ್ರತಳಿಯ ಹೋರಿಗೆ ಹಿಳಿಲು ಸಣ್ಣದು, ನೊಗ ಸರಿಯಾಗಿ ಕೂಡದು. ಎರೆಯ ಹೊಲದ ಬಿಸಿಲಿನಲ್ಲಿ ಅದು ಬೇಗ ಏದುಸಿರು ಬಿಡುವುದು. ಖಿಲಾರಿ ಎತ್ತಿನ ಊರಲ್ಲಿ ಅದಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದ ಕರುವಿಗೆ ಹಾಲನ್ನು ಯಾರೂ ಬಿಡರು. ಪಟ್ಟಿಯಲ್ಲಿ ಲಿಂಗವೆಂದು ಕಾಣುವುದು ವಾಸ್ತವವಾಗಿ ಉಪವಾಸ. ಸುಮಾರು ಶೇಕಡಾ ೯೦ರಷ್ಟು ಹೆಣ್ಣುಕರುಗಳನ್ನೇ ಕೊಡುವ ಲಿಂಗನಿರ್ಧರಿತ ವೀರ್ಯವು ಈಗ ಬಳಕೆಗೆ ಬಂದಿರುವುದರಿಂದ ಈ ಕಷ್ಟ ಕೆಲಮಟ್ಟಿಗೆ ತಗ್ಗಬಹುದು; ಈಗಾಗಲೇ ಹುಟ್ಟಿದವುಗಳಿಗೆ ಅದರಿಂದ ಪ್ರಯೋಜನವಿಲ್ಲ.

ಎರಡನೆಯ ಭ್ರಮೆ ಬದುಕಿ ಉಳಿದವುಗಳ ಸರಾಸರಿ. ೯೦ನೆಯ ದಿನದ ತೂಕ ದೊರೆಯುವುದು ೯೦ನೆಯ ದಿನ ಬದುಕಿರುವ ಕರುಗಳಿಂದ ಮಾತ್ರ. ದುರ್ಬಲವಾದವು ಮೊದಲೇ ಸತ್ತ ಊರಿನಲ್ಲಿ ಸರಾಸರಿಯು ಹೆಚ್ಚಾಗಿ ಕಾಣಬಹುದು. ಎಲ್ಲವನ್ನೂ ಉಳಿಸಿಕೊಂಡ ಊರಿನಲ್ಲಿ ಕಡಿಮೆಯಾಗಿ ಕಾಣಬಹುದು. ಆದುದರಿಂದ ತೂಕದ ಜೊತೆಗೆ ಸತ್ತ ಕರುಗಳ ಸಂಖ್ಯೆಯನ್ನೂ, ಸತ್ತ ವಯಸ್ಸನ್ನೂ ಕೊಡದ ಪಟ್ಟಿಯನ್ನು ಹೋಲಿಕೆಗೆ ಬಳಸಬಾರದು.

ಹಳ್ಳಿಯಲ್ಲಿ ತಕ್ಕಡಿಯಿಲ್ಲವೆಂದು ಅಳತೆಯನ್ನು ಬಿಡಬೇಕಾಗಿಲ್ಲ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಪಿರ್ರೆಯ ಮೂಳೆಯವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ ೬೬೦ರಿಂದ ಭಾಗಿಸಿದರೆ ತೂಕವು ಕಿಲೋಗ್ರಾಮುಗಳಲ್ಲಿ ಬರುವುದು. ಉದಾಹರಣೆಗೆ ಸುತ್ತಳತೆ ೨೮, ಉದ್ದ ೨೬ ಅಂಗುಲವಾದರೆ ಸುಮಾರು ೩೧ ಕಿಲೋಗ್ರಾಂ. ಮೂರು ತಿಂಗಳಿಗೆ ಅವು ೩೬ ಮತ್ತು ೩೨ ಆದರೆ ಸುಮಾರು ೬೩ ಕಿಲೋಗ್ರಾಂ. ಎಂದರೆ ದಿನಕ್ಕೆ ೩೫೦ ಗ್ರಾಮಿನಷ್ಟು ಬೆಳವಣಿಗೆ. ದೊಡ್ಡ ದನಗಳಿಗಾಗಿ ಮಾಡಿದ ಈ ಸೂತ್ರವು ಎಳೆಗರುಗಳಲ್ಲಿ ಸ್ವಲ್ಪ ತಪ್ಪುವುದು. ಆದರೆ ಒಂದೇ ಕರುವನ್ನು ಒಂದೇ ಕೈ, ಮುಂಜಾನೆ ಹಾಲು ಕುಡಿಯುವ ಮುಂಚೆ, ಹದಿನೈದು ದಿನಗಳಿಗೊಮ್ಮೆ ಅಳೆದರೆ ಬೆಳವಣಿಗೆಯ ಗತಿಯನ್ನು ತಿಳಿಯಲು ಅಡ್ಡಿಯಿಲ್ಲ. ಅಳತೆಯ ಪುಸ್ತಕದಲ್ಲಿ ತಳಿ, ಲಿಂಗ, ಸೂಲು, ಹುಟ್ಟಿದ ದಿನಾಂಕಗಳಿಗೆ ಅಂಕಣಗಳು ಹೇಗೂ ಇರುತ್ತವೆ. ಇವುಗಳ ಪಕ್ಕದಲ್ಲಿ ಇನ್ನೆರಡು ಅಂಕಣಗಳಿರಬೇಕೆಂದು ನಮ್ಮ ಸೂಚನೆ: ಹುಟ್ಟಿದ ಎಷ್ಟು ಗಂಟೆಗೆ ಗಿಣ್ಣ ದೊರೆಯಿತು, ಮತ್ತು ಅಳತೆಯ ದಿನ ಕರು ಕುಡಿದ ಹಾಲೆಷ್ಟು. ಎರಡನೆಯದನ್ನು ಮನೆಯವರನ್ನು ಕೇಳಿ ಬರೆದುಕೊಳ್ಳುವುದಕ್ಕಿಂತ ಕರು ಮೊಲೆಯುಣ್ಣುವ ಮುಂಚೆಯೂ ಅನಂತರವೂ ಅಳತೆಗೆ ಬಂದವರೇ ತೂಗುವ ಸಣ್ಣ ತಕ್ಕಡಿಯಿಂದ ತಿಳಿಯುವುದು ಲೇಸು. ಊರಿಗೊಂದು ಅಂಥ ತಕ್ಕಡಿಯನ್ನು ಹಾಲಿನ ಸಂಘದಲ್ಲಿಯೇ ಇರಿಸಬಹುದು.